ದಿನಕ್ಕೆ ನೂರು ಜಿಗಿತ

ಮೇಜಿನ ಮೇಲೆ ಒಂದು ಹಾಳೆ, ಹಾಳೆಯ ಮೇಲೆ ಒಂದು ಪೆನ್ನು. ಫುಲೇರಾ ಎರಡನ್ನೂ ಮುಟ್ಟಲಿಲ್ಲ.

"ಏನು ಬರೆದಿದೆ, ಓದಿ ಹೇಳಿ ಡಾಕ್ಟ್ರೇ. ನನಗೆ ಬರೋದು ಕುರಾನಿನ ಅಕ್ಷರ ಮಾತ್ರ."

ಡಾಕ್ಟರ್ ಆಮಂಕ್ವಾ ಕನ್ನಡಕ ತೆಗೆದು ಒರೆಸಿಕೊಂಡರು. ಮರುಭೂಮಿಯ ದೂಳು ಹೊತ್ತು ತರುವ ಹರ್ಮಟಾನ್ ಗಾಳಿ ಶುರುವಾಗಿ ವಾರವಾಗಿತ್ತು. ತಮಾಲೆಯಲ್ಲಿ ಯಾರ ಕನ್ನಡಕವೂ ಒಂದು ಗಳಿಗೆ ಚೊಕ್ಕಟವಾಗಿ ಉಳಿಯುತ್ತಿರಲಿಲ್ಲ. ಅವರು ದಕ್ಷಿಣದ ಕುಮಾಸಿ ಕಡೆಯ ಮನುಷ್ಯ, ಫುಲೇರಾಗಿಂತ ಹತ್ತು ವರ್ಷವಾದರೂ ಕಿರಿಯರು. ದನಿ ಎತ್ತಿ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಇವತ್ತೂ ಎತ್ತಲಿಲ್ಲ.

"ಇರೋದು ಇಷ್ಟೇ, ಆಂಟಿ. ನಾಲ್ಕನೇ ಗೂಡಿನ ಹಕ್ಕಿಗಳಿಗೆ ನೀವು ಗೊತ್ತಿಲ್ದೆ ಕಪ್ಪೆಚಿಪ್ಪಿನ ಪುಡಿ ಜಾಸ್ತಿ ಹಾಕಿದ್ರಿ ಅಂತ. ಕೈತಪ್ಪಿ ಆಗಿದ್ದು, ಬೇಕಂತ ಮಾಡಿದ್ದಲ್ಲ ಅಂತಾನೂ ಬರೆದಿದೀನಿ. ಸಹಿ ಹಾಕಿದ್ರೆ ಆ ಗೂಡನ್ನ ಲೆಕ್ಕದಿಂದ ತೆಗೆದುಬಿಡ್ತೀನಿ. ನಿಮ್ಮ ಕೆಲಸಕ್ಕೆ ಏನೂ ಆಗಲ್ಲ."

"ಹಾಕ್ದಿದ್ರೆ?"

"ಹಾಕ್ದಿದ್ರೆ ಮೇಲಿನವರು ನನ್ನ ಕೇಳ್ತಾರೆ. ಹಕ್ಕಿ ನೋಡ್ಕೊಳ್ಳೋಕೆ ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ ಅಂತಾರೆ. ನನ್ನ ಕೈಲಿ ಏನೂ ಇರಲ್ಲ."

"ಚಿಪ್ಪಿನ ಪುಡಿ ನಾನು ಹಾಕಿಲ್ಲ," ಎಂದಳು ಫುಲೇರಾ.

ಊರ ಹೊರಗಿನ ಆ ಉದ್ದನೆಯ ಶೆಡ್ಡಿನಲ್ಲಿ ಗಿನಿಕೋಳಿಗಳ ನಾಲ್ಕು ಗೂಡುಗಳಿದ್ದವು, ಗೂಡಿಗೆ ಹನ್ನೆರಡು ಹಕ್ಕಿ. ಮೂಳೆಯ ಮೇಲೆ ಭಾರ ಬಿದ್ದರೆ ಮೂಳೆ ಏನು ಮಾಡುತ್ತದೆ ಎಂದು ನೋಡುವುದು ಡಾಕ್ಟರ ಕೆಲಸ. ಮೊದಲೆರಡು ಗೂಡಿನ ಹಕ್ಕಿಗಳು ತಿಂದು ಸುಮ್ಮನೆ ಓಡಾಡಿಕೊಂಡಿದ್ದವು. ಮೂರನೆಯದರ ಮತ್ತು ನಾಲ್ಕನೆಯದರ ಒಳಗೆ ಮಾತ್ರ, ನಡುಮಧ್ಯೆ, ಮೊಣಕಾಲೆತ್ತರದ ಒಂದೊಂದು ಹಲಗೆ ನಿಲ್ಲಿಸಿತ್ತು. ಹಲಗೆಯ ಆಚೆ ಒಂದು ಚಿಟಿಕೆ ಸಜ್ಜೆ ಎರಚಿದರೆ ಹಕ್ಕಿಗಳೆಲ್ಲ ಒಟ್ಟಿಗೆ ಆಚೆ ಹಾರುತ್ತಿದ್ದವು. ಈಚೆ ಎರಚಿದರೆ ಈಚೆ. ರೆಕ್ಕೆಯ ತುದಿ ಕತ್ತರಿಸಿದ್ದರಿಂದ ತೇಲಿಕೊಂಡು ಇಳಿಯುವಂತಿರಲಿಲ್ಲ. ದೊಪ್ಪನೆ ಕಾಲೂರಿಯೇ ಇಳಿಯಬೇಕು. ಹಾಗೆ ದಿನಕ್ಕೆ ನೂರು ಜಿಗಿತ. ಮೂರನೇ ಗೂಡು ಜೊತೆಯ ಆಳು ಇಸಾಹಾಕುವಿನದು, ನಾಲ್ಕನೆಯದು ಫುಲೇರಾಳದು.

ಎರಡೂ ಒಂದೇ ಥರ ಬರಬೇಕಿತ್ತು. ಬರಲಿಲ್ಲ. ಎಂಟು ವಾರದ ಕೊನೆಗೆ ಹಕ್ಕಿಗಳನ್ನು ಕೊಯ್ದು, ಕಾಲುಮೂಳೆ ಬಿಡಿಸಿ, ಎಷ್ಟು ಭಾರಕ್ಕೆ ಮುರಿಯುತ್ತದೆಂದು ಅಳೆಯುವ ಯಂತ್ರಕ್ಕೆ ಕೊಟ್ಟಾಗ ಇಸಾಹಾಕುವಿನ ಹಕ್ಕಿಗಳ ಮೂಳೆ ಇನ್ನೂರರ ಆಸುಪಾಸಿನಲ್ಲಿ ಮುರಿದವು. ಫುಲೇರಾಳ ಹಕ್ಕಿಗಳ ಮೂಳೆ ಇನ್ನೂರೈವತ್ತು ದಾಟಿದರೂ ಜಗ್ಗಲಿಲ್ಲ. ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು ಎಂದು ಡಾಕ್ಟರು ಮೂರು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಮೂಳೆ ಗಟ್ಟಿ ಮಾಡುವ ಚಿಪ್ಪಿನ ಪುಡಿಯ ಮೇಲೆ ಕೈಯಿಟ್ಟಿದ್ದರು. ಉಗ್ರಾಣದ ಬೀಗದ ಕೈ ಇದ್ದದ್ದು ಫುಲೇರಾಳ ಸೊಂಟದಲ್ಲಿ.

"ಇಸಾಹಾಕು ಕೊಟ್ಟ ಹಾಗೇ ನೀವೂ ಬೆಳಿಗ್ಗೆ ನೂರು ಜಿಗಿತ ಕೊಟ್ರಿ ತಾನೇ?"

"ಬೆಳಿಗ್ಗೆ ಇಪ್ಪತ್ತೈದು."

ಡಾಕ್ಟರು ಕನ್ನಡಕ ಹಾಕಿಕೊಂಡರು. "ಏನು?"

"ಬೆಳಗಿನ ನಮಾಜು ಮುಗಿಸಿ ಬಂದು ಇಪ್ಪತ್ತೈದು. ಮಧ್ಯಾಹ್ನದ ನಮಾಜು ಆದ್ಮೇಲೆ ಇಪ್ಪತ್ತೈದು. ಇಳಿಹೊತ್ತಿಂದು ಆದ್ಮೇಲೆ ಇಪ್ಪತ್ತೈದು. ಸಂಜೆ ಬಾಂಗ್ ಆಗೋಕೆ ಮುಂಚೆ ಇಪ್ಪತ್ತೈದು. ರಾತ್ರಿ ನಮಾಜಿನ ಹೊತ್ತಿಗೆ ಹಕ್ಕಿಗೆ ಕಣ್ಣು ಕಾಣಲ್ಲ, ಇಲ್ಲದಿದ್ರೆ ಐದು ಮಾಡ್ತಿದ್ದೆ."

"ಒಂದೇ ಸಲಕ್ಕೆ ಅಂತ ಕಾಗದದಲ್ಲಿ ಬರೆದಿತ್ತಲ್ಲ ಆಂಟಿ!"

"ಕಾಗದ ಓದಿದ್ದು ಇಸಾಹಾಕು. ನನಗೆ ನೀವು ಬಾಯಲ್ಲಿ ಹೇಳಿದ್ದು ದಿನಕ್ಕೆ ನೂರು ಅಂತ. ದಿನದ್ದು ಅಂದ್ಮೇಲೆ ದಿನಕ್ಕೆ ಹಂಚಿ ಕೊಡಬೇಕು. ದಿನದ ನಮಾಜನ್ನೆಲ್ಲ ಯಾರಾದ್ರೂ ಬೆಳಗಾಗ್ತಿದ್ದ ಹಾಗೆ ಒಂದೇ ಉಸಿರಿಗೆ ಮಾಡಿ ಚಾಪೆ ಸುತ್ತಿಡ್ತಾರಾ?"

 ಡಾಕ್ಟರು, ತಮಗೆ ತಾವೇ ಹೇಳಿಕೊಳ್ಳುವವರಂತೆ, ಇಲಿಗಳಲ್ಲಿ ಹೀಗೊಂದು ನೋಡಿದ್ದಾರೆ, ಓದಿದ ನೆನಪು, ಎಂದರು. ಒಂದೇ ಸಮ ಭಾರ ಬೀಳುತ್ತಿದ್ದರೆ ಮೂಳೆ ಸ್ವಲ್ಪ ಹೊತ್ತಿಗೆ ಕಿವುಡಾಗುತ್ತದಂತೆ. ನಡುವೆ ಬಿಡುವು ಕೊಟ್ಟರೆ ಅದಕ್ಕೆ ಮತ್ತೆ ಕಿವಿ ಬರುತ್ತದಂತೆ. ಫುಲೇರಾಗೆ ಆ ಮಾತು ಹಿಡಿಸಿತು. ಆದರೆ ಡಾಕ್ಟರು ತಲೆಯಲ್ಲಾಡಿಸಿದರು.

"ಅದು ಇಲಿ, ಆಂಟಿ. ಇಲ್ಲಿ ನಿಮ್ಮ ಮಾತಿಗೆ ದಾಖಲೆ ಎಲ್ಲಿದೆ? ಪುಸ್ತಕದಲ್ಲಿ ದಿನಕ್ಕೆ ನೂರು ಅಂತ ಗೀಟು ಬಿಟ್ರೆ ಇನ್ನೇನಿಲ್ಲ. ನಾಲ್ಕು ಸಲ ಹಾರಿಸಿದೆ ಅಂತೀರಿ. ಸಲಕ್ಕೆ ಇಪ್ಪತ್ತೈದೋ ಐವತ್ತೋ, ಯಾರು ಎಣಿಸಿದ್ರು?"

ಫುಲೇರಾ ಕಣ್ಣು ಮುಚ್ಚಿದಳು. ಅಂಗೈಯಿಂದ ಮೇಜಿನ ಅಂಚನ್ನು ಮೆಲ್ಲನೆ ತಟ್ಟುತ್ತ ಹೇಳತೊಡಗಿದಳು.

"ನಾ ಶಿಲೂ, ಬಾವಿ ತೋಡಿಸಿದವನು. ನಾ ಬುಕಾಲಿ, ಕುದುರೆಗೆ ಕುಡಿಸಿ ಆಮೇಲೆ ತಾನು ಕುಡಿದವನು. ನಾ ಯಾಕೂಬಾ, ಹುಣಿಸೆಮರದಡಿ ನ್ಯಾಯ ಹೇಳಿದವನು..."

ಅವಳ ಊರು ಸೋಗುಯಿಲಿ. ಅಪ್ಪ ಮುತಾರು ಆ ಊರಿನ ಡೋಲಿನವನು. ಆ ಸೀಮೆಯಲ್ಲಿ ಗದ್ದುಗೆಯೆಂದರೆ ಪ್ರಾಣಿಯ ತೊಗಲು, ಮುಖ್ಯಸ್ಥನೆಂದರೆ 'ನಾ'. ಊರಿನ ತೊಗಲಿನ ಮೇಲೆ ಕೂತು ಆಳಿದ ಮುಖ್ಯಸ್ಥರು ಇಪ್ಪತ್ತೈದು ಮಂದಿ; ಅವರ ಹೆಸರನ್ನೂ ಬಿರುದನ್ನೂ ಒಂದಕ್ಷರ ತಪ್ಪದೆ ಒಪ್ಪಿಸುವುದು ಆ ಮನೆತನದ ಕೆಲಸ. ಹೆಣ್ಣುಮಗಳ ಕೈಗೆ ಡೋಲು ಕೊಡುವ ಪದ್ಧತಿ ಇರಲಿಲ್ಲ. ಆದರೆ ಅಪ್ಪ ಅಣ್ಣಂದಿರಿಗೆ ಹೇಳಿಕೊಡುವಾಗ ಗೋಡೆಯ ಈಚೆ ಸಜ್ಜೆ ಕುಟ್ಟುತ್ತಿದ್ದವಳು ಇವಳು. ಒನಕೆಯ ಒಂದೊಂದು ಪೆಟ್ಟಿಗೆ ಒಂದೊಂದು ಹೆಸರು ಅವಳ ಮೈಯೊಳಗೆ ಇಳಿದು ಕೂತುಬಿಟ್ಟಿತ್ತು. ಅಣ್ಣಂದಿರು ಈಗಲೂ ಒಮ್ಮೊಮ್ಮೆ ತಡವರಿಸುತ್ತಾರೆ. ಇವಳು ತಡವರಿಸುವುದಿಲ್ಲ.

ಇಪ್ಪತ್ತೈದನೆಯ ಹೆಸರಿಗೆ ಕೈ ನಿಂತಿತು. ಕಣ್ಣು ಬಿಟ್ಟಳು. "ಒಂದು ಹೆಸರಿಗೆ ಒಂದು ಚಿಟಿಕೆ ಸಜ್ಜೆ, ಒಂದು ಜಿಗಿತ. ಹೆಸರು ಮುಗಿದ್ರೆ ಜಿಗಿತ ಮುಗೀತು. ಐವತ್ತಾಗ್ಬೇಕು ಅಂದ್ರೆ ಸೋಗುಯಿಲಿಯಲ್ಲಿ ಇನ್ನೂ ಇಪ್ಪತ್ತೈದು ಜನ ಆಳಿ ಸಾಯ್ಬೇಕಿತ್ತು."

ಡಾಕ್ಟರಿಗೆ ನಗು ಬಂತು, ನುಂಗಿಕೊಂಡರು. "ಚೆನ್ನಾಗಿದೆ ಆಂಟಿ. ಆದರೆ ಹಾಡು ದಾಖಲೆ ಆಗಲ್ಲ."

ಆಗ ಫುಲೇರಾ ಎದ್ದಳು. ಸೊಂಟದ ಬಟ್ಟೆಯ ಗಂಟು ಬಿಚ್ಚಿ ಉಗ್ರಾಣದ ಬೀಗದ ಕೈ ತೆಗೆದು ಹಾಳೆಯ ಮೇಲೆ, ಪೆನ್ನಿನ ಪಕ್ಕಕ್ಕೇ ಠಣ್ಣನೆ ಇಟ್ಟಳು.

"ನಾನು ಸಹಿ ಹಾಕಲ್ಲ. ಮಾಡದೇ ಇರೋದನ್ನ ಮಾಡಿದೆ ಅಂತ ನನ್ನ ಹೆಸರಲ್ಲಿ ಬರೆದಿಟ್ಟುಕೊಂಡು ನಾನು ನಾಳೆ ಚಾಪೆ ಮೇಲೆ ನಿಲ್ಲೋದಾದ್ರೂ ಹ್ಯಾಗೆ? ಹೆಚ್ಚಿಗೆ ಅಂತ ಸಾಕಿದ ಹದಿನಾರು ಮರಿ ಹಿತ್ತಲಲ್ಲಿವೆ. ಎಂಟು ಈಕಡೆ ಮಾಡಿ, ಎಂಟು ಆಕಡೆ ಮಾಡಿ. ಆಹಾರ ನೀವೇ ಹಾಕಿ, ಬೀಗದ ಕೈ ನಿಮ್ಮ ಕೊರಳಲ್ಲೇ ಇರ್ಲಿ. ಎಣಿಸೋಕೆ ಇಸಾಹಾಕೂನ ಕೂರಿಸಿ. ಜಿಗಿತ ಮಾತ್ರ ನನಗೆ ಬಿಡಿ. ಎಂಟಕ್ಕೆ ಒಂದೇ ಸಲ ನೂರು ಕೊಡ್ತೀನಿ, ಎಂಟಕ್ಕೆ ನಾಲ್ಕು ಸಲ. ಆಮೇಲೆ ನಿಮ್ಮ ಯಂತ್ರ ಏನು ಹೇಳತ್ತೋ ಹೇಳ್ಲಿ. ಸುಳ್ಳಾಡಿದ್ದು ನಾನು ಅಂತ ಅದು ಹೇಳಿದ್ರೆ, ನೀವು ಕಳಿಸೋ ಮುಂಚೆ ನಾನೇ ಹೊರಡ್ತೀನಿ."

"ಎಂಟು ವಾರ ಬೇಕಲ್ಲ ಆಂಟಿ..."

"ಮೇಲಿನವರಿಗೆ ಕಾಯೋಕೆ ಹೇಳಿ. ನಾನು ಕಾಯಲ್ವಾ?"

ಡಾಕ್ಟರು ಹಾಳೆಯನ್ನು ನೋಡಿದರು, ಬೀಗದ ಕೈಯನ್ನು ನೋಡಿದರು. ಕೊನೆಗೆ ಬೀಗದ ಕೈ ಎತ್ತಿಕೊಂಡರು. ಹಾಳೆಯನ್ನು ಖಾನೆಯೊಳಗೆ ಹಾಕಿದರು, ಹರಿಯಲಿಲ್ಲ.

ಇಸಾಹಾಕು ನಲವತ್ತರ ಗಂಡಸು, ಇಬ್ಬರು ಹೆಂಡತಿಯರ ಕೈ ಊಟ ಉಂಡು ಹೊಟ್ಟೆ ಬೆಳೆಸಿದವನು. ಬೆಳಿಗ್ಗೆ ಒಂಬತ್ತಕ್ಕೆಲ್ಲ ಕೆಲಸ ಮುಗಿಸಿ ಚಹಾದಂಗಡಿಯ ಬೆಂಚು ಹಿಡಿಯುವ ಅವನಿಗೆ ದಿನಕ್ಕೆ ನಾಲ್ಕು ಸಲ ಬಂದು ಎಣಿಸುವ ಶಿಕ್ಷೆ ಬಿದ್ದದ್ದು ಒಂದಿಷ್ಟೂ ಹಿಡಿಸಲಿಲ್ಲ. ಗುಂಡಿ ಒತ್ತಿದರೆ ಅಂಕಿ ತಿರುಗುವ ಸಣ್ಣ ಎಣಿಕೆ ಡಬ್ಬಿಯೊಂದನ್ನು ಡಾಕ್ಟರು ಅವನ ಕೈಗೆ ಕೊಟ್ಟಿದ್ದರು.

"ಅಕ್ಕಾ, ನೋಡಿ ನೋಡಿ ಇದೇ ಹಕ್ಕಿಯ ಸಾಕ್ಷಿ ಹಿಡಿದೆಯಲ್ಲ!" ಎಂದ ಮೊದಲನೇ ದಿನವೇ. "ನೀರಿರೋ ಜಾಗ ಗೊತ್ತಿದ್ರೂ ಬಾಯಾರಿದ ಪ್ರವಾದಿಗೆ ಗೊತ್ತಿಲ್ಲ ಅಂದ ಹಕ್ಕಿ ಇದು. ಹಬ್ಬದ ದಿನ ಊರ ಮಕ್ಕಳೆಲ್ಲ ಇದರ ಪುಕ್ಕ ಕಿತ್ತು ಬಡಿಯೋದು ಯಾಕೆ ಮತ್ತೆ? ಇದು ನಿನ್ನ ಪರ ನಿಲ್ಲತ್ತಾ?"

"ಅವತ್ತು ಅದು ಬಾಯಲ್ಲಿ ಹೇಳಿತ್ತು. ನಾನು ಕಾಲನ್ನ ಕೇಳ್ತಿದೀನಿ. ಸುಮ್ನೆ ಎಣಿಸು."

"ನಾ ಶಿಲೂ," ಎಂದು ಅವಳು ಸಜ್ಜೆ ಎರಚಿದಳು. ಎಂಟೂ ಹಕ್ಕಿಗಳು ಕರ್ಕಶವಾಗಿ ಕೂಗುತ್ತ ಹಲಗೆ ಹಾರಿ ದೊಪದೊಪನೆ ಇಳಿದವು. ಡಬ್ಬಿ ಟಿಕ್ ಎಂದಿತು. "ನಾ ಬುಕಾಲಿ." ಮತ್ತೆ ಈಚೆ.

ಅವಳ ಎಣಿಕೆ ತಪ್ಪಿಸಲು ಇಸಾಹಾಕು ಮಾಡದ ಕುಚೇಷ್ಟೆ ಇಲ್ಲ. ನಡುನಡುವೆ ಮೂವತ್ತೊಂದು, ಹದಿನೆಂಟು ಎಂದು ಸುಳ್ಳು ಅಂಕಿ ಕೂಗುತ್ತಿದ್ದ. ನಿನ್ನ ಸೈಕಲ್ಲು ಯಾರೋ ಒಯ್ದರು ಎನ್ನುತ್ತಿದ್ದ. ಹಿರಿಯ ಹೆಂಡತಿ ಕರಿದ ಅಲಸಂದೆ ವಡೆ ಕಿರಿಯವಳ ವಡೆಗಿಂತ ಯಾಕೆ ಮೆತ್ತಗೆ ಎಂದು ಉದ್ದಕ್ಕೆ ವಿವರಿಸುತ್ತಿದ್ದ. ಅವಳು ಸೊಪ್ಪು ಹಾಕಲಿಲ್ಲ. ಹೆಸರು ಮುಗಿದಾಗ ಡಬ್ಬಿಯಲ್ಲಿ ಇಪ್ಪತ್ತೈದೇ ಇರುತ್ತಿತ್ತು. ಇನ್ನೊಂದು ಗೂಡಿನಲ್ಲಿ ಅದೇ ಹೆಸರುಗಳನ್ನು ಬೆಳಿಗ್ಗೆಯೇ ಬಿಡದೆ ನಾಲ್ಕು ಸುತ್ತು ಹೇಳುತ್ತಿದ್ದಳು, ಡಬ್ಬಿಯಲ್ಲಿ ನೂರು. ನಾಲ್ಕನೆಯ ಸುತ್ತಿಗೆ ಹಕ್ಕಿಗಳಿಗೂ ಬೇಸರ, ಅವಳಿಗೂ ಗಂಟಲು ಒಣಗುತ್ತಿತ್ತು. ಆದರೂ ಒಂದು ಚಿಟಿಕೆ ಕಡಿಮೆ ಮಾಡಲಿಲ್ಲ. ಆ ಗೂಡಿಗೆ ಅನ್ಯಾಯ ಮಾಡಿ ಈ ಗೂಡನ್ನು ಗೆಲ್ಲಿಸುವುದಾದರೆ ಆ ಹಾಳೆಗೆ ಅವತ್ತೇ ಸಹಿ ಹಾಕಬಹುದಿತ್ತು.

ಮೂರನೆಯ ವಾರ ಇಸಾಹಾಕು ಕುಚೇಷ್ಟೆ ಬಿಟ್ಟ. ಐದನೆಯ ವಾರ, ತನಗೇ ಅರಿವಿಲ್ಲದೆ, ಅವಳ ಜೊತೆ ತುಟಿ ಆಡಿಸತೊಡಗಿದ.

ಡಾಕ್ಟರ ಪಾಡು ಬೇರೆ. ಬೀಗದ ಕೈ ಕೊರಳಲ್ಲಿದ್ದ ಮೇಲೆ ಬೆಳಗಿನ ಕುಳಿರಿಗೆ ಅವರೇ ಬಂದು ಮೇವು ತೂಗಿ ಹಾಕಬೇಕು. ಮೊದಮೊದಲು ಮೂಗು ಮುಚ್ಚಿಕೊಂಡು ಓಡಿಹೋಗುತ್ತಿದ್ದರು. ಆಮೇಲೆ ಬುಟ್ಟಿ ಮಗುಚಿ ಅದರ ಮೇಲೆ ಕೂತು ಬೆಳಗಿನ ಇಪ್ಪತ್ತೈದು ಮುಗಿಯುವ ತನಕ ಇರತೊಡಗಿದರು.

"ಆ ಹನ್ನೊಂದನೇ ಹೆಸರು ಬಂದಾಗ ನಿಮ್ಮ ದನಿ ಏರತ್ತಲ್ಲ ಆಂಟಿ, ಯಾಕೆ?" ಎಂದರು ಒಂದು ದಿನ.

"ನಾ ಜಬ್ಲಾ, ಕಾದಾಟದ ದಿನ ತೊಗಲು ಬಿಟ್ಟು ಓಡಿದವನು." ಫುಲೇರಾ ಕೈಗಂಟಿದ ಸಜ್ಜೆ ಕೊಡವಿದಳು. "ಒಂದು ಸಲ ಹಬ್ಬದ ದಿನ ಅವನ ವಂಶದವರೇ ತೊಗಲ ಮೇಲೆ ಕೂತಿದ್ರು. 'ಆ ಹೆಸರು ಬಿಟ್ಟು ಬಾರಿಸು ಮುತಾರು' ಅಂದ್ರು. ಅಪ್ಪ ಡೋಲನ್ನ ಕಂಕುಳಲ್ಲಿ ಅವುಚಿಕೊಂಡು, 'ಬಿಟ್ರೆ ಇಪ್ಪತ್ನಾಲ್ಕಾಗತ್ತೆ. ಕೂತಿದ್ದು ಇಪ್ಪತ್ತೈದು' ಅಂತ ಹೇಳಿ, ಇನ್ನೂ ಗಟ್ಟಿಯಾಗಿ ಬಾರಿಸಿದ. ಒಂದು ವರ್ಷ ನಮ್ಮ ಮನೆಗೆ ಯಾರೂ ಮರ್ಯಾದೆಯ ಕೋಲಾ ಕಾಯಿ ಕಳಿಸ್ಲಿಲ್ಲ. ಮದುವೆಗೆ ಕರೀಲಿಲ್ಲ. ಅಪ್ಪ ಮಾತ್ರ ದಿನಾ ಸಂಜೆ ಅಂಗಳದಲ್ಲಿ ಕೂತು ಇಪ್ಪತ್ತೈದೂ ಹೇಳ್ತಿದ್ದ. ನಾನು ಒಳಗಿಂದ ಕೇಳ್ತಿದ್ದೆ."

ಡಾಕ್ಟರು ಬುಟ್ಟಿ ನೆಟ್ಟಗೆ ಮಾಡಿಟ್ಟು ಹೋದರು.

ಎಂಟು ವಾರ ತುಂಬಿತು. ಹದಿನಾರೂ ಹಕ್ಕಿಗಳನ್ನು ಒಂದೊಂದಾಗಿ ಹಿಡಿದುಕೊಟ್ಟವಳು ಫುಲೇರಾಳೇ. ಇಸಾಹಾಕು ಬಿಸ್ಮಿಲ್ಲಾ ಎಂದು ಕತ್ತಿ ಆಡಿಸಿದ. ತಾನು ಎಂಟು ವಾರ ಹೆಸರು ಕೇಳಿಸಿದ ಹಕ್ಕಿಗಳು ಕೈಯಲ್ಲೇ ತಣ್ಣಗಾಗುವುದು ಅವಳಿಗೆ ಸುಲಭವಿರಲಿಲ್ಲ. ಪ್ರತಿಯೊಂದರ ಕಾಲಿನ ಬಣ್ಣದ ಉಂಗುರವನ್ನು ಬೆರಳಿನಿಂದ ಮುಟ್ಟಿ ನೋಡಿ ಕೊಟ್ಟಳು. ಮಾಂಸ ಕೆಲಸದವರ ಮನೆಗಳಿಗೆ ಹೋಯಿತು. ಮೂಳೆ ಯಂತ್ರದ ಕೋಣೆಗೆ ಬಂತು.

ಯಂತ್ರ ಹಳೆಯದು. ಎರಡು ಕಬ್ಬಿಣದ ಗೂಟದ ಮೇಲೆ ಮೂಳೆಯ ಎರಡು ತುದಿ ಕೂರಿಸಬೇಕು. ಮೇಲಿನಿಂದ ಉಕ್ಕಿನ ಬೆರಳೊಂದು ಮೆಲ್ಲಗೆ ಇಳಿದು ನಡುಮಧ್ಯೆ ಒತ್ತುತ್ತದೆ. ಮುಳ್ಳು ಏರುತ್ತಾ ಹೋಗಿ, ಮೂಳೆ ಮುರಿದಲ್ಲಿಗೆ ನಿಲ್ಲುತ್ತದೆ. ಚೂರುಗಳು ಉದುರಲೆಂದು ಡಾಕ್ಟರು ಕೆಳಗೊಂದು ಹಾಳೆ ಹಾಸಿದರು. ಮಗುಚಿ ಹಾಸಿದ್ದರೂ, ಹಿಂದಿನಿಂದ ಮೂಡಿ ಕಾಣುತ್ತಿದ್ದ ಸಾಲುಗಳಿಂದ ಫುಲೇರಾಗೆ ಗುರುತು ಸಿಕ್ಕಿತು. ಅವಳು ಸಹಿ ಹಾಕದ ಹಾಳೆ ಅದು.

ಮೊದಲು ಒಂದೇ ಸಲ ಹಾರಿದ ಗೂಡಿನವು. ನೂರ ತೊಂಬತ್ತೆಂಟು. ಇನ್ನೂರ ಐದು. ನೂರ ತೊಂಬತ್ತೊಂದು. ಎಂಟೂ ಅಲ್ಲಲ್ಲೇ ಮುರಿದವು. ಡಾಕ್ಟರು ಬರೆದುಕೊಂಡರು.

ಆಮೇಲೆ ನಮಾಜಿನ ಗೂಡು. ಇಸಾಹಾಕು ಅದಕ್ಕೆ ಇಟ್ಟ ಹೆಸರು ಅದು, ಡಾಕ್ಟರ ಬಾಯಲ್ಲೂ ಅದೇ ನಿಂತಿತ್ತು. ಮೊದಲನೆಯ ಮೂಳೆ ಕೂರಿಸಿದರು. ಮುಳ್ಳು ಇನ್ನೂರು ದಾಟಿತು. ಇನ್ನೂರಿಪ್ಪತ್ತು. ಇನ್ನೂರ ನಲವತ್ತು.  ಇನ್ನೂರ ಐವತ್ತೇಳಕ್ಕೆ ಒಣಕಟ್ಟಿಗೆಯಂತೆ ಪಟ್ಟೆಂದಿತು.

"ಯಾ ಅಲ್ಲಾ!" ಎಂದು ಇಸಾಹಾಕು ತನ್ನ ತೊಡೆ ತಾನೇ ಬಡಿದುಕೊಂಡ. "ಅಕ್ಕಾ, ನನ್ನ ಎರಡು ಮನೇನೂ ಇದರ ಮೇಲೆ ಕಟ್ಟಬಹುದು ಕಣೇ!"

ಎರಡನೆಯದು ಇನ್ನೂರ ನಲವತ್ತೊಂಬತ್ತು. ಮೂರನೆಯದು ಇನ್ನೂರ ಅರವತ್ತೆರಡು. ಹಾಗೆ ಏಳಾದವು. ಡಾಕ್ಟರು ಎಂಟನೆಯದನ್ನು ಕೂರಿಸಿದರು. ಉಕ್ಕಿನ ಬೆರಳು ಇಳಿಯಿತು, ಮುಳ್ಳು ಎದ್ದಿತು, ನೂರ ಎಪ್ಪತ್ತು ಆಗುವಷ್ಟರಲ್ಲಿ ಮೂಳೆ ಎರಡು ತುಂಡಾಗಿ ಹಾಳೆಯ ಮೇಲೆ ಬಿತ್ತು.

 ಒಂದೇ ಸಲ ಹಾರಿದ ಗೂಡಿನಲ್ಲೂ ಇಷ್ಟು ಕಡಿಮೆಗೆ ಮುರಿದದ್ದು ಇರಲಿಲ್ಲ.

"ಏನೋ ರೋಗ ಇತ್ತು ಅನಿಸತ್ತೆ," ಎಂದರು ಡಾಕ್ಟರು. ಫುಲೇರಾಳ ಕಡೆ ತಿರುಗಿದ ಅವರ ಮುಖದಲ್ಲಿ ಎಂಟು ವಾರದ ಹಿಂದೆ ಇಲ್ಲದ ಅಕ್ಕರೆ ಇತ್ತು. "ಇದನ್ನ ಬಿಟ್ಟುಬಿಡೋಣ ಆಂಟಿ. ಉಳಿದ ಏಳೇ ಸಾಕು. ಯಾರೂ ಬಾಯಿ ಬಿಡೋ ಹಾಗಿಲ್ಲ. ಇದೂ ಸೇರಿದ್ರೆ ಇರೋ ಎಂಟೇ ಹಕ್ಕೀಲಿ ಇದೊಂದನ್ನ ಹಿಡ್ಕೊಂಡು ಮೇಲಿನವರು ನೂರೆಂಟು ಕೇಳ್ತಾರೆ. ನಿಮಗೇ ತೊಂದರೆ."

"ಹೌದಕ್ಕಾ, ಬಿಡು," ಎಂದ ಇಸಾಹಾಕು. "ಪ್ರವಾದಿಗೇ ಸುಳ್ಳು ಹೇಳಿದ ಜಾತಿ. ಎಂಟರಲ್ಲಿ ಒಂದು ತನ್ನ ಬುದ್ಧಿ ತೋರಿಸ್ತು."

ಫುಲೇರಾ ಬಾಗಿ ಮುರಿದ ತುಂಡುಗಳನ್ನು ಎತ್ತಿಕೊಂಡಳು. ನೀಲಿ ಉಂಗುರದ ಹಕ್ಕಿ. ಕತ್ತಿನ ಕೆಳಗೆ ಒಂದು ಬಿಳಿ ಪುಕ್ಕ ಇದ್ದದ್ದು. ಯಾವತ್ತೂ ಕೊನೆಗೆ ಹಾರುತ್ತಿತ್ತು, ಆದರೆ ಹಾರುತ್ತಿತ್ತು.

"ಇದು ಹಾರಿದೆ ಡಾಕ್ಟ್ರೇ. ದಿನಾ ನೂರೂ ಹಾರಿದೆ. ಇಸಾಹಾಕೂನೇ ಕೇಳಿ."

ಇಸಾಹಾಕು ನೆಲ ನೋಡಿದ. "ಹಾರಿದೆ," ಎಂದ.

"ಅವತ್ತು ನನ್ನ ಗೂಡು ನಿಮ್ಮ ಲೆಕ್ಕಕ್ಕೆ ಒಗ್ಗಲಿಲ್ಲ ಅಂತ ಬಿಡೋಕೆ ಹೊರಟ್ರಿ. ನಾನು ಬಿಡಿಸಿಕೊಳ್ಳಲಿಲ್ಲ. ಇವತ್ತು ಇದು ನನ್ನ ಲೆಕ್ಕಕ್ಕೆ ಒಗ್ಗಲ್ಲ ಅಂತ ನಾನು ಬಿಡ್ಲಾ?" ಅವಳ ದನಿ ಏರಿತು, ಹನ್ನೊಂದನೆಯ ಹೆಸರಿಗೆ ಏರುವಂತೆ. "ಬಿಟ್ರೆ ಏಳಾಗತ್ತೆ. ಹಾರಿದ್ದು ಎಂಟು. ಬರೀರಿ."

"ಕೇಳ್ತಾರೆ ಆಂಟಿ."

"ಕೇಳ್ಲಿ. ಇನ್ನೂ ಹದಿನಾರು ಮರಿ ತರಿಸಿ, ಇನ್ನೂ ಎಂಟು ವಾರ ಹಾರಿಸ್ತೀನಿ. ಆಗಲೂ ಕೇಳಿದ್ರೆ ಮತ್ತೆ ಹದಿನಾರು. ಹೆಸರೇನು ಸವೆದುಹೋಗಲ್ಲ."

 ಡಾಕ್ಟರು ಪೆನ್ನು ತೆಗೆದರು. ಬರೆಯುವ ಪುಸ್ತಕ ಆಚೆ ಮೇಜಿನಲ್ಲಿತ್ತು. ಅದನ್ನು ತರಲು ಹೋಗಲಿಲ್ಲ. ಯಂತ್ರದ ಕೆಳಗಿನ ಹಾಳೆಯನ್ನು ಎಳೆದುಕೊಂಡು, ಮೂಳೆಯ ಚೂರು ಊದಿ, ಖಾಲಿ ಬೆನ್ನಿನ ಮೇಲೆ ನೆನಪಿನಿಂದಲೇ ಒಂದರ ಕೆಳಗೊಂದು ಎಂಟು ಅಂಕಿ ಬರೆದರು. ನೂರ ಎಪ್ಪತ್ತಕ್ಕೆ ಪೆನ್ನು ಒಂದಿಷ್ಟು ತಡೆಯಿತು. ಆದರೂ ಬರೆಯಿತು.

ಅಂಕಿ ಫುಲೇರಾಗೆ ಓದಲು ಬರುತ್ತಿತ್ತು. ಬೆರಳಿಟ್ಟು ಎಣಿಸಿದಳು. ಎಂಟು ಇದ್ದವು.

"ಈಗ ಕೊಡಿ," ಎಂದು ಕೈ ಚಾಚಿದಳು.

ಡಾಕ್ಟರು ಕೊರಳಿನ ಬೀಗದ ಕೈಗೆ ಕೈ ಹಾಕಿದರು.

"ಅದು ಆಮೇಲೆ. ಪೆನ್ನು."

ಎಂಟು ಅಂಕಿಗಳ ಕೆಳಗೆ, ತನಗೆ ಬರುವ ಅಕ್ಷರದಲ್ಲಿ, ಬಲದಿಂದ ಎಡಕ್ಕೆ, ಅವಳು ತನ್ನ ಹೆಸರು ಬರೆದಳು. ಬರೆದಾದ ಮೇಲೆ ಅಪ್ಪನ ಹೆಸರನ್ನೂ ಸೇರಿಸಿದಳು. ಹೊರಗೆ ಇಳಿಹೊತ್ತಿನ ಬಾಂಗ್ ಕೇಳಿಸಿತು. ಪೆನ್ನು ವಾಪಸು ಕೊಟ್ಟು, ಕೈಯ ಮೂಳೆಪುಡಿ ತೊಳೆದುಕೊಳ್ಳಲು ನಲ್ಲಿಯ ಕಡೆ ನಡೆದಳು.